ಚಿಟಿಕೆ ಉಪ್ಪು

ಉವ್ಸ್ ಪ್ರಾಂತ್ಯದ ಕೋರ್ಟಿನಲ್ಲಿ ಅವತ್ತು ಒಲೆ ಕೆಟ್ಟಿತ್ತು.
ಟೊಪ್ಪಿ ತೆಗೆಯಿರೆಂದು ಯಾರನ್ನೂ ಗದರಲಿಲ್ಲ.
ಕಟಕಟೆಯಲ್ಲಿ ಗಲ್ಸನ್. ಹನ್ನೊಂದು ಕುದುರೆಗಳ ಕಳವು,
ಹಳೇ ಬರೆಯ ಮೇಲೆ ಹೊಸ ಬರೆ ಎಳೆದಿದ್ದಕ್ಕೆ
ಕುದುರೆ ತೊಡೆಗಳ ಫೋಟೋ ಸಾಕ್ಷಿ.

ನಾನು ಬೆರಳಚ್ಚಿನವನು. ಹೇಳಿದ್ದನ್ನು ಬಡಿಯುವುದಷ್ಟೇ ಕೆಲಸ.

ಹಿಂದಿನ ಬೆಂಚಿನಿಂದ ಮುದುಕಿಯೊಬ್ಬಳು ಎದ್ದು
"ನಡುಗ್ತಿದ್ದಾನೆ, ಬಿಸಿ ಏನಾದರೂ ಕೊಡಿ ಅವನಿಗೆ" ಅಂದಳು.
ಕಾವಲಿನವ ಕೂರಿಸಿದ.
ನ್ಯಾಯಾಧೀಶೆ ಉರಂಚಿಮೆಗ್ ತಲೆಯೆತ್ತಿದರು,
ಲೇಖನಿ ಅರ್ಧ ಅಕ್ಷರದಲ್ಲಿ ನಿಂತಿತ್ತು.
ಶಾಯಿ ಹೆಪ್ಪುಗಟ್ಟಿತೆಂದುಕೊಂಡೆ.

ಮಧ್ಯಾಹ್ನ ಕೊಠಡಿಗೆ ಕರೆದು ಬರೆಸಿದರು:
"ಈ ಪ್ರಕರಣದಿಂದ ನಾನು ಹಿಂದೆ ಸರಿಯುತ್ತೇನೆ. ಕಾರಣ"
ಕಾರಣ?
ಕಿಟಕಿಯ ಮಂಜನ್ನು ಉಗುರಿನಿಂದ ಕೆರೆಯುತ್ತ ಹೇಳಿದರು:
ಬಿಳಿಯ ಬರ ಬಿದ್ದ ವರ್ಷ, ಆರರ ವಯಸ್ಸು, ತಪ್ಪಿದ ದಾರಿ,
ಯಾರದೋ ಉಣ್ಣೆಯ ಗುಡಾರ, ಮೂರು ರಾತ್ರಿ,
ಬಟ್ಟಲಲ್ಲಿ ಹಾಲು, ಚಹಾ, ಚಿಟಿಕೆ ಉಪ್ಪು,
ಆಗಲೂ ಇದೇ ದನಿ, ಬಿಸಿ ಏನಾದರೂ ಕೊಡಿ ಅವಳಿಗೆ.
"ಆಕೆಗೆ ನೆನಪಿಲ್ಲ. ಎಷ್ಟು ಮಕ್ಕಳನ್ನು ಎತ್ತಿ ತಂದಳೋ."

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಅದು ಗಲ್ಸನ್‌ಗೆ.
ಉಪ್ಪುಂಡ ಮನೆಗೆ ಎರಡು ಬಗೆಯಬಾರದು,
ಅದು ಇವರಿಗೆ.
ಒಂದೇ ಉಪ್ಪು. ಒಂದೇ ಕುರ್ಚಿಯಲ್ಲಿ ಎರಡೂ ಕೂರುವುದಿಲ್ಲ.

ಬಾಯಿ ಸುಮ್ಮನಿರಲಿಲ್ಲ ನನಗೆ:
"ಯಾರಿಗೂ ಗೊತ್ತಿಲ್ಲವಲ್ಲ, ಮೇಡಂ?"
"ನನಗೆ ಗೊತ್ತಲ್ಲ. ಬಿಟ್ಟರೆ ಋಣಕ್ಕೆ ಬಿಟ್ಟೆ.
ಶಿಕ್ಷಿಸಿದರೆ, ಋಣವಿಲ್ಲವೆಂದು ತೋರಿಸಲು
ಎರಡು ವರ್ಷ ಹೆಚ್ಚೇ ಬರೆದೆ.
ಎಲ್ಲಿವರೆಗೆ ಕಾನೂನು, ಎಲ್ಲಿಂದ ಚಹಾ,
ನನಗೇ ಬಿಡಿಸಲಾಗದು."

"ಆರೋಪಿಯ ಕುಟುಂಬದ ಪರಿಚಯ" ಎಂದು ಬಡಿದೆ.
ಮೂರು ಪದ. ಸಹಿ. ಮೊಹರು.

ಸಂಜೆ ಗೇಟಿನಲ್ಲಿ ಮುದುಕಿ, ದುಲ್ಮಾ ಅವಳ ಹೆಸರು, ಕೂಗುತ್ತಿದ್ದಳು:
"ನಮ್ಮ ಮುಖ ನೋಡಲೂ ಹೇಸಿದಳು!
ಹೊಸಬ ಬರುವ ತನಕ ನನ್ನ ಮಗ ಒಳಗೇ ಕೊಳೆಯಬೇಕು!"
ನಲವತ್ತು ದಿನ. ಕಣಿವೆಯಲ್ಲಿ ಹಿಮ ಮುಚ್ಚಿದರೆ ಇನ್ನೂ ಹೆಚ್ಚು.
ಅದೂ ಸುಳ್ಳಲ್ಲ.
ಉರಂಚಿಮೆಗ್ ತಲೆ ತಗ್ಗಿಸಿ ಹಾದುಹೋದರು.
ಒಂದು ಮಾತು ಆಡಿದ್ದರೆ ಸಾಕಿತ್ತು.
ಆಡಲಿಲ್ಲ.

ಹೊಸ ನ್ಯಾಯಾಧೀಶ ಏನೆಂದ ಅಂತ ಕೇಳಬೇಡಿ.
ಅದು ಬೇರೆ ಕಡತ. ಬಡಿದದ್ದು ನಾನೇ,
ಒಂದು ಅಕ್ಷರವೂ ತಪ್ಪದೆ.
ಆ ಮನೆಯ ಚಹಾ ನಾನು ಕುಡಿದವನಲ್ಲ.