ಅರ್ಧ ಸುತ್ತು

ಕಡಲು ಇಲ್ಲಿಂದ ನಾನೂರು ಕಿಲೋಮೀಟರು ಆಚೆ,
ಸಾಲದ್ದಕ್ಕೆ ಮೂರು ಸಾವಿರ ಅಡಿ ಕೆಳಗೆ.
ಆದರೂ ನಮ್ಮದು ಉಪ್ಪುನೀರಿನ ಗಾಳದವರ ಸಂಘ.
ಕಾಕ್ಸ್ ಟೌನು, ಟೈಲರ್ ಅಂಗಡಿಯ ಮೇಲಿನ ಕೋಣೆ,
ಸದಸ್ಯರು ಹತ್ತೊಂಬತ್ತು,
ಚಂದಾ ಕಟ್ಟಿದವರು ಹನ್ನೊಂದು.

ಏಪ್ರಿಲಿನ ಭಾನುವಾರಗಳು, ಬೆಳಿಗ್ಗೆ ಆರೂವರೆ,
ಶಾಲೆಯ ಮೈದಾನದಲ್ಲಿ ಎಸೆತದ ಅಭ್ಯಾಸ.
ಕೊಕ್ಕೆ ಇಲ್ಲ, ಬರೀ ಸೀಸದ ಗುಂಡು.
ಎಂಬತ್ತು ಹೆಜ್ಜೆ ಆಚೆ ಒಂದು ಲಾರಿ ಟೈರು,
ಅದೇ ನಮ್ಮ ಅರಬ್ಬೀ ಸಮುದ್ರ.
ಗುಂಡು ಒಳಗೆ ಬಿದ್ದರೆ ಧೂಳೇಳುತ್ತದೆ,
ಹಲ್ಲಿನ ಡಾಕ್ಟರು ನಸ್ರೀನ್ ಆಗ "ಅಲೆ" ಎನ್ನುತ್ತಾರೆ.
ಹಾಲಿಗೆ ಹೊರಟವರು ಕಾಂಪೌಂಡಿನಾಚೆ ನಿಲ್ಲುತ್ತಾರೆ.
ಒಬ್ಬರು ಕೇಳಿಯೇಬಿಟ್ಟರು:
"ಇಲ್ಲಿ ಏನು ಸಿಗುತ್ತೆ ಸಾರ್?"
"ಹಸಿವು," ಅಂದರು ಚೌರಪ್ಪ.

ಚೌರಪ್ಪನವರು ಬೇಗೂರಿನವರು,
ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವರು.
ನಮ್ಮ ಗುಂಡುಗಳೆಲ್ಲ ಅವರ ಹಿತ್ತಲಿನ ಎರಕ,
ಪಂಕ್ಚರ್ ಅಂಗಡಿಗಳಲ್ಲಿ ಕಾಡಿ ಬೇಡಿ ತಂದ ಸೀಸ.
ಮರದ ಹುಸಿಮೀನುಗಳಿಗೆ ಬಣ್ಣ ಬಳಿದು
ಬಟ್ಟೆಯ ತಂತಿಗೆ ನೇತುಹಾಕುತ್ತಾರೆ,
ಸೊಸೆಯ ಸೀರೆಗಳ ನಡುವೆ ಹನ್ನೆರಡು ಬಂಗುಡೆ.
ಮೊದಮೊದಲು ಬೆಕ್ಕೂ ಮೋಸಹೋಗಿತ್ತು.

ಈ ಬೇಸಿಗೆ ಅವರು ಬರಲಾಗಲಿಲ್ಲ. ಭುಜ.
ಡಾಕ್ಟರು ಏನೋ ಉದ್ದದ ಹೆಸರು ಹೇಳಿದರಂತೆ,
ಇವರು ಅದನ್ನು "ಬೇರಿಂಗು ಸವೆದಿದೆ" ಅಂತ ಅನುವಾದಿಸಿದರು.

ಮೇ ಎರಡನೇ ಶನಿವಾರ ಟೆಂಪೋ ಹೊರಟಿತು.
ಗೊರಗುಂಟೆಪಾಳ್ಯ ದಾಟುವುದಕ್ಕೇ ಒಂದು ಗಂಟೆ.
ಕೋಲುಗಳನ್ನು ಪೈಪಿನೊಳಗೆ ಉದ್ದಕ್ಕೆ ಮಲಗಿಸಿ
ನಾವು ಕೂತೇ ನಿದ್ದೆ ಹೋದೆವು.
ಕಣ್ಣುಬಿಟ್ಟಾಗ ಅಂಗಿ ಬೆನ್ನಿಗಂಟಿತ್ತು, ಕಾಪು ಬಂದಿತ್ತು.

ದೀಪಸ್ತಂಭದ ಕೆಳಗೆ ಬಂಡೆ,
ಸೂರ್ಯ ಇನ್ನೂ ಬೆನ್ನ ಹಿಂದಿನ ತೆಂಗುಗಳಲ್ಲಿದ್ದ.
ಯತಿರಾಜನ ಕೋಲು ಬಾಗಿತು.
(ಮೀಟರ್ ರಿಪೇರಿಯವನು, ಮೊಟ್ಟೆಯನ್ನೂ ತಿನ್ನದವನು,
ಯಾಕೆ ಬಂದೆಯೋ ಅಂದರೆ ನಗುತ್ತಾನೆ.)
ನಾನು ಫೋನು ಹಚ್ಚಿ ರೀಲಿನ ಪಕ್ಕ ಹಿಡಿದೆ,
ಹಾಗಂತ ಮೊದಲೇ ಮಾತಾಗಿತ್ತು.
ದಾರ ಓಡುವ ಸದ್ದು ಇಲ್ಲಿಂದ ಬೇಗೂರಿಗೆ ಹೋಯಿತು,
ಅಲ್ಲಿಂದ ಕುಕ್ಕರಿನ ಸೀಟಿ ಇಲ್ಲಿಗೆ ಬಂತು,
ಅದರ ಹಿಂದೆಯೇ ಚೌರಪ್ಪನವರ ದನಿ:
"ಬಿಗಿ ಜಾಸ್ತಿ. ಲೋಹ ಅಳ್ತಾ ಇದೆ.
ಅರ್ಧ ಸುತ್ತು ಬಿಡು."

ಬಿಟ್ಟ. ಸದ್ದು ಒಂದು ಮೆಟ್ಟಿಲು ಇಳಿಯಿತು.

"ಹಾಂ. ಈಗ ಓಡ್ಲಿ.
ಓಡೋದು ಅದರ ಕೆಲಸ, ನಿಲ್ಲೋದು ನಿಂದು."

ಹದಿನೆಂಟು ನಿಮಿಷ. ಆಮೇಲೆ ನೊರೆಯೊಳಗಿಂದ
ಮದುವೆಮನೆಯ ಹರಿವಾಣದಷ್ಟು ಅಗಲದ ಕೊಕ್ಕರ್,
ಆರು ಕಿಲೋ ಇನ್ನೂರು ಗ್ರಾಂ.
ನಸ್ರೀನ್ ಕೊಕ್ಕೆ ಬಿಡಿಸಿದರು,
"ಪೇಷೆಂಟು ಒಳ್ಳೆಯವನು, ಕೈ ಕಚ್ಚಲಿಲ್ಲ."
ಯತಿರಾಜ ಮೊಣಕಾಲುದ್ದ ನೀರಿಗಿಳಿದು
ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ,
ಮಗುವಿಗೆ ಸೈಕಲ್ ಕಲಿಸುವವನ ಹಾಗೆ,
ಬಾಲ ಬಿರುಸಾಗುವ ತನಕ.

"ಅದೇನು ಸದ್ದು?" ಅಂತು ಫೋನು.
"ಬಿಟ್ಟೆವು ಸಾರ್."
ತುಂಬ ಹೊತ್ತು ಏನೂ ಇಲ್ಲ.
"ತಲೆ ಸಾರಿಗೆ ಅಂತ
ಸೊಸೆ ಕೈಲಿ ಹೊಸ ಹುಣಸೆಹಣ್ಣು ತರಿಸಿದ್ದೆನಲ್ರೋ."

ಜೂನಿನ ಸಭೆಯಲ್ಲಿ ಜಗಳ.
ದಾಖಲೆ ಪುಸ್ತಕ ನನ್ನ ಕೈಯಲ್ಲಿದೆ: ಹೆಸರು, ಸ್ಥಳ, ಮೀನು, ತೂಕ.
ಹಿಡಿದದ್ದು ಅವರು ಅಂತ ಯತಿರಾಜ.
ನಾನು ಕೇಳಿದೆ ಅಷ್ಟೆ ಅಂತ ಚೌರಪ್ಪ.
ಕೇಳಿದ್ದಕ್ಕೆ ಕಲಂ ಇಲ್ಲ ನಮ್ಮಲ್ಲಿ.
ಸ್ಥಳ ಅನ್ನುವಲ್ಲಿ ಕಾಪು ಎಂದು ಬರೆದು,
ಯಾರೂ ನೋಡದಾಗ ಪಕ್ಕದಲ್ಲಿ ಬೇಗೂರು ಎಂದು ಸೇರಿಸಿದೆ.
ಹೆಸರಿನ ಜಾಗ ಈಗಲೂ ಖಾಲಿ.

ಕೆಳಗೆ ಮೈದಾನದಲ್ಲಿ ಎರಡು ದಿನದ ಮಳೆ,
ಟೈರಿನೊಳಗೆ ನೀರು ನಿಂತಿತ್ತು.
ಸೊಳ್ಳೆ ಆಗುತ್ತೆ, ಚೆಲ್ಲಿ ಅಂತ ಪಾಲಿಕೆಯವನು ಗದರಿ ಹೋದ.
ಚೌರಪ್ಪ ಮೆಲ್ಲಗೆ ಬಗ್ಗಿದರು,
ನೋವಿಲ್ಲದ ಕೈಯ ಬೆರಳು ಅದ್ದಿ
ನಾಲಿಗೆಗೆ ಮುಟ್ಟಿಸಿಕೊಂಡು
ತಲೆಯಾಡಿಸಿದರು:
"ಸಪ್ಪೆ."