ನೂರ ಎಂಬತ್ತು ಕಂಬಗಳ ಕೆಳಗೆ

ನನ್ನ ದೋಣಿಯಂಗಡಿಗೆ ನಾನು ಸೂರು ಹಾಕಿಸಿಲ್ಲ.
ಸರ್ಕಾರವೇ ಹಾಕಿಕೊಟ್ಟಿದೆ: ಮೇಲೊಂದು ರನ್‌ವೇ.
ಮದೀರಾ ದ್ವೀಪದ ಸಾಂತಾ ಕ್ರೂಸ್, ಕಡಲು ಕಲ್ಲು ಹೊರಳಿಸುವ ಕಡೆ
ನೂರ ಎಂಬತ್ತು ಕಂಬ.
ಒಂದಕ್ಕೆ ಒರಗಿಸಿಟ್ಟಿದ್ದೇನೆ
ಬಿರುಕು ಬಿಟ್ಟ ಮೂರು ದೋಣಿ, ಒಂದು ಮುರುಕು ಕುರ್ಚಿ.

ಗರಗಸ ನಿಲ್ಲಿಸಿದರೆ ಕೇಳುತ್ತದೆ
ಆಚೆ ಅಂಕಣದಲ್ಲಿ ಟೆನ್ನಿಸ್ ಹುಡುಗಿಯರ ಜಗಳ,
ಈಚೆ ಕಂಬಗಳ ನಡುವೆ ನುಗ್ಗುವ ಹೆದ್ದಾರಿ,
ಆಮೇಲೆ ನೆತ್ತಿಯ ಮೇಲೆ
ಧಡ್.
ಲಿಸ್ಬನ್ ಬಂತು, ಅನ್ನುತ್ತೇನೆ ಕುರ್ಚಿಗೆ.
ಕಂಬಕ್ಕೆ ಕೈಯಿಟ್ಟರೆ ಒಳಗೊಂದು ನಡುಕ ಕೆಳಗಿಳಿಯುತ್ತದೆ
ನೊಣ ಕೂತಲ್ಲಿ ಹಸುವಿನ ಚರ್ಮ ಅದುರಿದ ಹಾಗೆ.

ಅಪ್ಪನ ಹರೆಯದಲ್ಲಿ ವಿಮಾನ ನೀರಿಗೇ ಇಳಿಯುತ್ತಿತ್ತು,
ಫುಂಶಾಲ್ ಬಂದರಿನಲ್ಲಿ, ದಪ್ಪ ಬಾತುಕೋಳಿ.
ಅಪ್ಪ ಹುಟ್ಟು ಹಾಕುತ್ತ ಹೋಗಿ
ಟೋಪಿಯ ಇಂಗ್ಲಿಷ್ ಹೆಂಗಸರನ್ನು
ಒಬ್ಬೊಬ್ಬರನ್ನಾಗಿ ಮೊಟ್ಟೆಯಂತೆ ಇಳಿಸಿಕೊಳ್ಳುತ್ತಿದ್ದ.
ಒಬ್ಬಾಕೆ ಬಿಟ್ಟುಹೋದ ಎಡಗೈ ಗವಸು
ಬಿಸ್ಕತ್ತಿನ ಡಬ್ಬಿಯಲ್ಲಿ ಇವತ್ತಿಗೂ ಇದೆ.
‘ಹುಡುಕಿಕೊಂಡು ಬರುತ್ತಾಳೆ’ ಅನ್ನುತ್ತಿದ್ದ.

ಬಂದದ್ದು ಡೈನಮೈಟು.
ಗುಡ್ಡ ಕಡಿದು ಮೊದಲ ರನ್‌ವೇ ಹಾಸಿದರು,
ಸಾವಿರದ ಆರುನೂರು ಮೀಟರು.
ಒಂದು ಕಡೆ ಬೆಟ್ಟ, ಉಳಿದ ಕಡೆ ‘ಅಯ್ಯೋ ದೇವರೇ’.
ಸಾಲದು ಅಂತ ಎಳೆದರು. ಮತ್ತೂ ಸಾಲದು ಅಂತ
ಕಡಲ ಮೇಲೇ ಚಾಚಿದರು, ಊರುಗೋಲು ಕೊಟ್ಟು.
ಚಿಕ್ಕಮ್ಮ ಜುಲ್ಮೀರಾಳ ಬಾಳೆಯ ಮೆಟ್ಟಿಲುಹೊಲ ಹೋಯಿತು.
ಪರಿಹಾರದಲ್ಲಿ ಹಲ್ಲು ಕಟ್ಟಿಸಿಕೊಂಡಳು,
ಬಂದಿಳಿಯುವವರ ಹಾಲಿನಲ್ಲಿ ನೆಲ ಒರೆಸಲು ಸೇರಿದಳು.
‘ಈ ಬೆಲ್ಟಿನ ಜಾಗದಲ್ಲಿ ಅವ್ವ ನೆಟ್ಟ ಅಂಜೂರ ಇತ್ತು’
ಅನ್ನುತ್ತಾಳೆ ಜರ್ಮನಿಯವರಿಗೆ, ಪೋರ್ಚುಗೀಸಿನಲ್ಲಿ.
ಅವರು ಶೌಚಾಲಯದ ದಾರಿಯಿರಬೇಕೆಂದು
ತಲೆಯಾಡಿಸಿ ಎಡಕ್ಕೆ ಹೋಗುತ್ತಾರೆ.

ಮೊನ್ನೆ ಅಕ್ಕ ಬರಬೇಕಿತ್ತು, ಜೆರ್ಸಿಯಿಂದ.
ಒಂದು ದ್ವೀಪ ಬಿಟ್ಟು ಇನ್ನೊಂದು ದ್ವೀಪ ಸೇರಿದವಳು,
ಮೂವತ್ತೊಂದು ವರ್ಷ ಹೋಟೆಲಿನ ಆಲೂಗಡ್ಡೆ ಸುಲಿದವಳು,
ದೆಯೋಲಿಂದಾ.
ನಾನು ಗಡ್ಡ ಹೆರೆದು, ಟೋಪಿ ಇಟ್ಟು, ಮೇಲೆ ಹತ್ತಿ ಹೋದರೆ
ಫಲಕದ ತುಂಬ ಕೆಂಪು.
ಗಾಳಿ.
ಈ ಗಾಳಿಗೆ ನಮ್ಮ ಓಣಿಯಲ್ಲಿ ಹೆಸರಿಲ್ಲ, ಬೈಗುಳವಿದೆ.
ಹಳದಿ ಟ್ಯಾಕ್ಸಿಗಳು ಬಾಲಕ್ಕೆ ಮೂತಿಯಿಟ್ಟು ಮಲಗಿದ್ದವು.
ಎವರಿಸ್ತು ಖಾಲಿ ಬಸ್ಸನ್ನೇ ಫುಂಶಾಲ್‌ಗೆ ಹೊರಡಿಸಿದ:
‘ಹೊತ್ತಾಯಿತಲ್ಲ, ಹೊರಡಬೇಕು.’

ವಿಮಾನ ಕಂಡಿತು. ಗಾಜಿಗೆ ಮೂಗು ಒತ್ತಿದೆವು ಎಲ್ಲರೂ,
ಕಾಫಿಯಂಗಡಿಯ ಹುಡುಗ ಕೂಡ.
ಬೆಟ್ಟದ ಕಡೆಯಿಂದ ತಿರುಗಿ, ವಾಲಿ, ರೆಕ್ಕೆ ತಿದ್ದಿಕೊಂಡು
ಚಕ್ರ ಇನ್ನೇನು ತಾಗಬೇಕು,
ಎದ್ದು ಹೋಯಿತು.
ಮೂರು ಸಲ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
ಪಕ್ಕದ ಪೊರ್ತು ಸಾಂತು ದ್ವೀಪಕ್ಕೆ ಹೋಗಿ ಇಳಿಯಿತಂತೆ.

ರಾತ್ರಿ ಫೋನು:
‘ಮೂರು ಸಲವೂ ಕಂಡೆಯೋ!
ನಿನ್ನ ದೋಣಿ, ನಿನ್ನ ಬೋಳು ತಲೆ, ಎಲ್ಲ.
ಪಕ್ಕದಲ್ಲೊಬ್ಬ ಪಾದ್ರಿ ನನ್ನ ಕೈ ಹಿಡಿದು ಅತ್ತ,
ಪೆಪ್ಪರ್‌ಮಿಂಟು ಕೊಟ್ಟೆ.’
ಸುಳ್ಳಿ. ದೋಣಿಗಳಿರುವುದು ರನ್‌ವೇ ಅಡಿಯಲ್ಲಿ.
ನಾನು ಟೋಪಿ ತೆಗೆದಿರಲೇ ಇಲ್ಲ.

ಮರುದಿನ ಅಕ್ಕ ಬಂದದ್ದು ಹಡಗಿನಲ್ಲಿ,
ಅಪ್ಪ ಹುಟ್ಟು ಹಾಕಿದ ಅದೇ ನೀರಿನ ಮೇಲೆ.
ಕೈ ಕೊಟ್ಟೆ ಇಳಿಯಲು. ಬೇಡವೆಂದಳು, ಆಮೇಲೆ ಹಿಡಿದಳು.
ಸುಲಿದು ಸುಲಿದು ಹೆಬ್ಬೆರಳು ಬಾಗಿಹೋಗಿದೆ.
ಡಬ್ಬಿಯ ಗವಸು ನೆನಪಾಯಿತು, ಹೇಳಲಿಲ್ಲ.

ಅವಳ ಪೆಟ್ಟಿಗೆ ಮಾತ್ರ ಗಾಳಿ ತಗ್ಗಿದ ಮೇಲೆ
ವಿಮಾನದಲ್ಲೇ ಬಂತು.
ತರಲು ಹೋದೆವು. ಜುಲ್ಮೀರಾ ಚಿಕ್ಕಮ್ಮ ಒರೆಸುಕೋಲಿಗೆ ಆತು ನಿಂತಿದ್ದಾಳೆ,
ಬೆಲ್ಟಿನ ಮೇಲೆ ಅದೊಂದೇ ಪೆಟ್ಟಿಗೆ, ಹಸಿರು ದಾರ ಕಟ್ಟಿದ್ದು,
ಪರದೆಯೊಳಗೆ ಹೋಗಿ ಬರುತ್ತಿದೆ.
ನಾನು ಬಗ್ಗಿದೆ.
‘ಬಿಡೋ’ ಅಂದಳು ಅಕ್ಕ, ‘ಇನ್ನೊಂದು ಸುತ್ತು ಹಾಕಲಿ.
ನಾನು ಹಾಕಲಿಲ್ಲವೇ?’