ಬೆಳೆ ಕಾಲಂ

ಸರ್ವೆ ನಂಬರ್ ನೂರಾ ಹದಿನಾಲ್ಕು, ಹಿಸ್ಸೆ ಮೂರು.
ಮೊಬೈಲು ಕೇಳಿತು: ಬೆಳೆಯ ಹೆಸರು?
ಒಂದೇ ಚೌಕ, ಒಂದೇ ಗುರುತು,
ಒತ್ತಿದರೆ ಮುಂದಿನ ಪುಟ.
ಒಡ್ಡಿನ ಮೇಲೆ ಕಾಲು ಚಾಚಿ
ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ ಸೋಮಿ ಪಟಗಾರಳಿಗೆ ಹೇಳಿದೆ:
"ಬೆಳೆ ಕಾಲಂ ತುಂಬಬೇಕು, ಅಮ್ಮಾ."
ಅವಳಿಗೆ ಕೇಳಿಸಿದ್ದು ಕಾಲ.
"ಯಾವ ಕಾಲದ್ದು ಕೇಳ್ತೆ, ತಂಗಿ?"

ಮಿರ್ಗ ಬಿದ್ದ ಮೇಲೆ ಎರಡು ವಾರ
ಮಳೆ ಗಜನಿಯನ್ನು ತೊಳೆಯಬೇಕು.
ಅವಳ ಮಾವ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದನಂತೆ,
ಉಪ್ಪು ಇಳಿಯಿತೋ ಇಲ್ಲವೋ,
ಒಲೆಯ ಮೇಲಿನ ಸಾರಿನ ರುಚಿ ನೋಡುವ ಹಾಗೆ.
ಇಳಿದಿದ್ದರೆ ಮೊಳೆತ ಕಗ್ಗದ ಬೀಜ ಬೀರುವುದು.
ಆಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ,
ಏಡಿ ಕೊರೆದ ತೂತು ಮುಚ್ಚಲಿಕ್ಕಷ್ಟೇ ಆ ಕಡೆ ಹೋಗುವುದು.
ಚಿತ್ತಿ ಮಳೆಯ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು
ತೆನೆ ಮಾತ್ರ ಕೊಯ್ದು ದೋಣಿಗೆ ಹಾಕುವುದು.
ಹುಲ್ಲು ಅಲ್ಲೇ ಇರಬೇಕು.
ಕೊಳೆಯಬೇಕು.

"ಹುಲ್ಲು ಬಿಟ್ಟದ್ದು ದನಕ್ಕಲ್ಲ, ಶೆಟ್ಲಿಗೆ."

ಜಂತ್ರಡಿಯ ಹಲಗೆ ಎತ್ತಿದರೆ
ಅಮಾಸೆಯ ಭರತ ಒಳಗೆ ನುಗ್ಗುತ್ತದೆ,
ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳ ಜೊತೆ.
ಕೊಳೆತ ಹುಲ್ಲು ತಿಂದು ಅವು ಬೆರಳುದ್ದ ಆಗುತ್ತವೆ.
ಅಕ್ಕಿ ಕೊಟ್ಟ ನೆಲವನ್ನು ಏಡಿ ಉಳುತ್ತದೆ,
ಮೀನು ಬಿಟ್ಟ ಕಸವನ್ನು ಬರುವ ವರ್ಷದ ಕಗ್ಗ ಉಣ್ಣುತ್ತದೆ.
"ಈಗ ಹೇಳು,
ಭತ್ತ ಅಂತ ಬರೆದರೆ ಮೀನು ಸಿಟ್ಟಾಗ್ತದೆ,
ಮೀನು ಅಂತ ಬರೆದರೆ
ನಿಮ್ಮ ಆಫೀಸಿನವರು ಇದು ಗದ್ದೆಯೇ ಅಲ್ಲ ಅಂತಾರೆ."

ಆ ದಿನ ಬೆಳಿಗ್ಗೆ ಮೇಲಿನಿಂದ ಇಳಿದು ಬಂದಿದ್ದೆ.
ಬೇಣದಲ್ಲಿ ಒಣಗಿದ ಕರಡ,
ಮಕ್ಕಿಯಲ್ಲಿ ಭತ್ತದ ಕೂಳೆಯ ನಡುವೆ ಉದ್ದು,
ಬೈಲಿನಲ್ಲಿ ಈರುಳ್ಳಿ ಸಸಿ ನೆಡುತ್ತಿದ್ದ ಬೀರ ಗೌಡ
ತಲೆ ಎತ್ತದೆಯೇ ಹೇಳಿದ್ದ:
"ಹೋದ ವರ್ಷ ಇಲ್ಲಿ ಶೇಂಗಾ.
ದಿನಾ ಒಂದೇ ಪದಾರ್ಥ ಬಡಿಸಿದರೆ
ನೆಲವೂ ಬಟ್ಟಲು ದೂಡ್ತದೆ."
ಎಲ್ಲಕ್ಕೂ ಒಂದೊಂದು ಗುರುತು ಹಾಕಿದೆ.
ಹಿಸ್ಸೆಯಿಂದ ಹಿಸ್ಸೆಗೆ ಇಳಿಯುವ ನೀರಿಗೆ
ಯಾವ ಪುಟದಲ್ಲೂ ಜಾಗವಿರಲಿಲ್ಲ.

ಸೋಮಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.
ಹೆಬ್ಬೆರಳಿನಿಂದ ತಳ ಕೆದಕಿ
ಒಂದು ಹಿಡಿ ಕೆಂಪು ಕೆಸರು ಎತ್ತಿ ತೋರಿಸಿದಳು.
ಸಿರ್ಸಿ ಕಡೆ ಎಲ್ಲೋ ಗುತ್ತಿಗೆ ಹಿಡಿದು
ಇಳಿಜಾರು ಬೋಳಿಸಿ ಶುಂಠಿ ಹಾಕಿದ್ದರಂತೆ.
ಒಂದೇ ವರ್ಷ. ಆಮೇಲೆ ಬೇರೆ ಗುಡ್ಡಕ್ಕೆ ಹೋದರು.
ಆ ಆಶ್ಲೇಷದಲ್ಲಿ ಅಘನಾಶಿನಿ ಕುಂಕುಮದ ನೀರಾಗಿ ಬಂತು,
ದಂಡೆಯ ಬಳಚು ಬಾಯಿ ತೆರೆದು ಸತ್ತವು.
"ಅವರು ಹೋದರು," ಅಂದಳು,
"ಅವರ ಗುಡ್ಡ ಇಲ್ಲಿದೆ, ಇದಾ."

ಪಕ್ಕದ ಹಿಸ್ಸೆ ನಾಲ್ಕಕ್ಕೆ ಜಂತ್ರಡಿಗೆ ಬೀಗ.
ಸಿಗಡಿ ಕಂತ್ರಾಟಿನವರು ಹನ್ನೆರಡು ತಿಂಗಳೂ ಉಪ್ಪುನೀರು ನಿಲ್ಲಿಸಿದರು.
ಮೂರು ವರ್ಷ ದುಡ್ಡು ಕಂಡಿತು,
ನಾಲ್ಕನೆಯದಕ್ಕೆ ರೋಗ.
ಬೀಗ ತುಕ್ಕು ಹಿಡಿದಿದೆ, ಕೀಲಿ ಯಾರಲ್ಲಿದೆಯೋ.
ಸೋಮಿ ಒಂದು ಮಳೆಗಾಲ ಆ ಮೂಲೆಯಲ್ಲಿ
ತನ್ನ ಮುಡಿಯಿಂದ ಎರಡು ಸೇರು ಕಗ್ಗ ಬೀರಿ ನೋಡಿದ್ದಳು.
ಮೊಳಕೆ ಬಂತು, ಸುಟ್ಟ ಹಾಗೆ ಕರಕಲಾಯಿತು.
ನಾನು ಆ ಹಿಸ್ಸೆ ತೆರೆದು 'ಬೀಳು' ಒತ್ತಿದೆ.
ಇಡೀ ದಿನದಲ್ಲಿ
ಚೌಕಕ್ಕೆ ಸರಿಯಾಗಿ ಹೊಂದಿದ ಉತ್ತರ ಅದೊಂದೇ.

ಮತ್ತೆ ಮೂರಕ್ಕೆ ಬಂದು ಫೋಟೋ ತೆಗೆಯಲು ಹೋದರೆ
ಮೊಬೈಲು ಒಪ್ಪಲಿಲ್ಲ:
ನೀವು ಜಮೀನಿನ ಗಡಿಯ ಹೊರಗಿದ್ದೀರಿ.
ನಕ್ಷೆಯಲ್ಲಿ ನನ್ನ ಚುಕ್ಕೆ ನದಿಯೊಳಗೆ ನಿಂತಿತ್ತು.
ಸೋಮಿಗೆ ತೋರಿಸಿದೆ. ಅವಳು ನಕ್ಕಳು.
ಹಲಗೆಯ ಮೇಲಿನ ಹಸಿ ಗೆರೆಯನ್ನು ಕಣ್ಣಲ್ಲೇ ಅಳೆದು
"ಇನ್ನೊಂದು ಗೇಣು ಇಳೀಲಿ," ಅಂದಳು,
"ಹೊರಗಿದ್ದದ್ದು ಒಳಗೆ ಬರ್ತದೆ."
ಬಲೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು,
ಬಿಗಿಯಾಗಿ ಹಿಡಿ ಎಂದು.